ಮಂದಗತಿಯ ಪರೀಕ್ಷೆ

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕರು ಹೇಳಿಕಳುಹಿಸಿದಾಗ, ನಾನು ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿರಬೇಕು. ನಾನೂ ಹಾಗೆಯೇ ಎಣಿಸಿದ್ದೆನು. ಆದರೆ ಕಳೆದ ಮಾಘಮಾಸದಲ್ಲಿ ತುಂಗಭದ್ರೆಯ ಮೇಲೆ ನಡೆದ ಸಂಗತಿಯೊಂದು ಮನಸ್ಸನ್ನು ಬಿಡದಿರುವುದರಿಂದ, ಹಳೆಯ ದೋಣಿ ಎಂಜಿನೊಂದರ ವಿಚಾರವನ್ನೇ ಬರೆಯುತ್ತಿದ್ದೇನೆ. ವಾಚಕರು ಮನ್ನಿಸಬೇಕು.

ಸಿರುಗುಪ್ಪವೆಂದರೆ ಸಿರಿಯ ಗುಪ್ಪೆಯೆಂದು ಹಿರಿಯರು ಅರ್ಥ ಹೇಳುವುದುಂಟು. ಆ ಸಿರಿ ನದಿ ಕೊಟ್ಟದ್ದು. ಧಡೇಸೂಗೂರಿನಲ್ಲಿ ಸೇತುವೆಯಿದ್ದರೂ ತೀರದ ಗದ್ದೆಗಳವರಿಗೆ ಆಚೆ ದಡಕ್ಕೆ ಹತ್ತಿರದ ದಾರಿ ನೀರಿನದೇ. ನಮ್ಮ ಬಂಧುಗಳೊಬ್ಬರು ಹರಿಗೋಲನ್ನು ಬಿಟ್ಟು ಒಂದು ದೋಣಿ ಮಾಡಿಸಿ, ಹಿಂಬದಿಗೆ ಬಿಗಿಯುವ ಹಳೆಯ ಎಂಜಿನೊಂದನ್ನು ಕರಾವಳಿಯಿಂದ ಕೊಂಡುತಂದಿದ್ದರು. ಇಂಥ ಎಂಜಿನನ್ನು ಅಮೆರಿಕದಲ್ಲಿ ಓಲೆ ಎವಿನ್‌ರೂಡ್ ಎಂಬಾತನು 1909ರ ಸುಮಾರಿಗೆ ಮಾರಾಟಕ್ಕೆ ತಂದು ಹೆಸರಾದನಂತೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ದೋಣಿಗೆ ವಿರಾಮ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ತೀರದವರು ಅನುಭವಿಸಿದ ಆತಂಕ ಇನ್ನೂ ಮಾಸಿಲ್ಲ. ಹೀಗಾಗಿ ಆ ಎಂಜಿನು ತಿಂಗಳುಗಟ್ಟಲೆ, ಹೊಟ್ಟೆಯೊಳಗೆ ಪೆಟ್ರೋಲನ್ನು ಇಟ್ಟುಕೊಂಡೇ, ಮೂಲೆಯಲ್ಲಿ ಕುಳಿತಿರುತ್ತಿತ್ತು.

ಆ ದಿನ ನಾವು ನಾಲ್ವರು ದೋಣಿಯಲ್ಲಿದ್ದೆವು. ನಡುಹೊಳೆಯಲ್ಲಿ ಎಂಜಿನು ಸಿಂಹದಂತೆ ಗರ್ಜಿಸಿತು. ದಡ ಸಮೀಪಿಸಿ ವೇಗವನ್ನು ತಗ್ಗಿಸಿದೊಡನೆ ಎರಡು ಬಾರಿ ಕೆಮ್ಮಿ ಸುಮ್ಮನಾಯಿತು. ಸೆಳವು ದೋಣಿಯನ್ನು ಅಡ್ಡಲಾಗಿ ತಿರುಗಿಸಿ ಬಂಡೆಯ ಕಡೆಗೆ ಒಯ್ದಿತು. ಹುಡುಗನೊಬ್ಬನು ಗಳುವೂರಿ ತಡೆದುದರಿಂದ ಉಳಿದೆವು.

ಪೇಟೆಯ ದುರಸ್ತಿಗಾರನೊಬ್ಬನು ತಿರುಪೊಂದನ್ನು ತಿರುಗಿಸಿ, ನಿಂತಲ್ಲಿಯೇ ಎಂಜಿನು ಜೋರಾಗಿ ಓಡುವಂತೆ ಮಾಡಿಕೊಟ್ಟನು. ಅದು ಆರದೆ ಓಡಿತು, ನಿಜ. ಆದರೆ ಗೇರು ಹಾಕಿದೊಡನೆ ದೋಣಿ ಕುದುರೆಯಂತೆ ಹಾರಿ, ಜೊತೆಗಿದ್ದ ವೃದ್ಧೆಯೊಬ್ಬರು ನೀರಿಗೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಕೊನೆಗೆ ಬಂಧುಗಳು ಕರೆತಂದವನು ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುವ ಯುವಕ. ನನ್ನ ಹಳೆಯ ವಿದ್ಯಾರ್ಥಿ.

ಅವನು ಮೊದಲು ಆ ತಿರುಪನ್ನು ಹಿಂದಕ್ಕೆ ತಿರುಗಿಸಿದನು. “ಸದ್ದು ಏರಿಸಿದರೆ ರೋಗ ಮುಚ್ಚುತ್ತದೆ, ವಾಸಿಯಾಗುವುದಿಲ್ಲ ಗುರುಗಳೇ” ಎಂದನು. ಬಳಿಕ ಒಂದೊಂದಾಗಿ ಪರೀಕ್ಷಿಸತೊಡಗಿದನು. ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ಮುಚ್ಚಿದ್ದರೆ ಒಳಗೆ ನಿರ್ವಾತವಾಗಿ ಪೆಟ್ರೋಲು ಬಾರದು; ಅದು ತೆರೆದೇ ಇತ್ತು. ಪೆಟ್ರೋಲನ್ನು ಗಾಜಿನ ಲೋಟಕ್ಕೆ ಸುರಿದು ತಳದಲ್ಲಿ ನೀರು ನಿಲ್ಲುವುದೇ ಎಂದು ನೋಡಿದನು. ನೀರಿರಲಿಲ್ಲ, ಹಳಸಿದ ವಾಸನೆಯಿತ್ತು. ಅದನ್ನು ಚೆಲ್ಲಿ, ಹೊಸ ಪೆಟ್ರೋಲಿಗೆ ಆ ಎಂಜಿನಿಗೆ ವಿಧಿಸಿದ್ದ 50ಕ್ಕೆ 1ರ ಪ್ರಮಾಣದಲ್ಲಿ ಎಣ್ಣೆ ಬೆರೆಸಿ ತುಂಬಿದನು. ಪ್ಲಗ್ಗುಗಳನ್ನು ಒರೆಸಿ ಕಿಡಿಯನ್ನು ನೋಡಿದನು. ಎಂಜಿನು ಆರತೊಡಗಿದಾಗ ಕೊಳವೆಯ ರಬ್ಬರು ಬುಡ್ಡೆಯನ್ನು ಹಿಸುಕಿದನು, ಚೇತರಿಸಲಿಲ್ಲ. ಆದುದರಿಂದ ಪೆಟ್ರೋಲು ಬರುವ ದಾರಿಯಲ್ಲಿ ದೋಷವಿಲ್ಲ. ಕೊನೆಗೆ ಚೋಕನ್ನು ಅರ್ಧ ಎಳೆದನು. ಎಂಜಿನು ಶಾಂತವಾಗಿ ಓಡಿತು!

ನಾನು ಬೆರಗಾದೆನು. ಇದಿದ್ದರೆ ಅದಿರುವುದು, ಇದಿಲ್ಲದಿದ್ದರೆ ಅದಿಲ್ಲ ಎಂಬ ಅನ್ವಯ-ವ್ಯತಿರೇಕವನ್ನು ತರ್ಕಗ್ರಂಥದಲ್ಲಿ ಓದಿದವನು ನಾನು. ಹೊಳೆಯ ದಂಡೆಯಲ್ಲಿ ಅದನ್ನು ನಡೆಸಿದವನು ಅವನು. ಚೋಕು ಎಳೆದರೆ ಗಾಳಿ ತಗ್ಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಅಂದರೆ ಮಂದಗತಿಯಲ್ಲಿ ಎಂಜಿನಿಗೆ ಹಸಿವು; ಎಲ್ಲಿಯೋ ಗಾಳಿ ಸೋರಿರಬೇಕು, ಇಲ್ಲವೇ ಪೆಟ್ರೋಲಿನ ಸಣ್ಣ ದಾರಿ ಕಟ್ಟಿರಬೇಕು. ಗಾಳಿ ಸೋರುವ ಕಡೆ ಕಾಣಲಿಲ್ಲ. ಕಾರ್ಬುರೇಟರಿನಲ್ಲಿ ವೇಗಕ್ಕೊಂದು ದೊಡ್ಡ ರಂಧ್ರ, ಮಂದಗತಿಗೆ ಕೂದಲಿನಷ್ಟು ಸೂಕ್ಷ್ಮವಾದ ಬೇರೊಂದು ರಂಧ್ರ. ಹಳಸಿದ ಪೆಟ್ರೋಲು ಅಂಟಾಗಿ ಆ ಸಣ್ಣದನ್ನು ಮುಚ್ಚಿತ್ತು. ತಂತಿ ಚುಚ್ಚಿದರೆ ರಂಧ್ರ ಹಿಗ್ಗಿ ಕೆಡುವುದೆಂದು, ದ್ರಾವಣದಲ್ಲಿ ನೆನೆಯಿಟ್ಟು ಗಾಳಿಯೂದಿ ತೆರೆದನು. ಎಂಜಿನು ನೀರಿನಲ್ಲಿಯೇ ಬಿಸಿಯಾದ ಮೇಲೆ, ಗೇರಿನಲ್ಲಿಟ್ಟು ಮಿಶ್ರಣದ ತಿರುಪನ್ನು ಹದಗೊಳಿಸಿದನು. ನೀರಿಲ್ಲದೆ ಓಡಿಸಿದರೆ ತಂಪುಗೊಳಿಸುವ ಪಂಪು ಸುಟ್ಟುಹೋಗುವುದಂತೆ.

ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡ ಅಂಬಿಗರ ಚೌಡಯ್ಯನವರು ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರು. ಕಾಯಕದಲ್ಲಿ ಜ್ಞಾನವಿದೆಯೆಂದು ತರಗತಿಯಲ್ಲಿ ನೂರು ಸಲ ಹೇಳಿದ್ದೆನು. ಕಣ್ಣಾರೆ ಕಂಡುದು ಅಂದು.

ಆದರೆ ಮನಸ್ಸನ್ನು ಕೊರೆದುದು ಬೇರೆ. ಈ ಹುಡುಗನಿಗೆ ಲೋಪ, ಆಗಮ, ಆದೇಶಗಳ ಭೇದ ತಿಳಿದಿರಲಿಲ್ಲ. ಎಲ್ಲಿ ತಿಳಿಯದಾಯಿತೆಂದು ನಾನು ಕೇಳಲಿಲ್ಲ. ಪರೀಕ್ಷೆ ಸಮೀಪಿಸಿತ್ತು, ಬರಬಹುದಾದ ಪ್ರಶ್ನೆಗಳಿಗೆ ಉತ್ತರ ಬರೆಸಿ ಬಾಯಿಪಾಠ ಮಾಡಿಸಿದೆನು. ಅವನು ಉತ್ತೀರ್ಣನಾದನು, ನನಗೆ ಹೆಸರು ಬಂದಿತು. ನಾನು ತಿರುಗಿಸಿದುದೂ ಪೇಟೆಯವನು ತಿರುಗಿಸಿದ ತಿರುಪನ್ನೇ. ಕಟ್ಟಿದ್ದ ಸಣ್ಣ ರಂಧ್ರವನ್ನು ಹುಡುಕುವ ತಾಳ್ಮೆ ನನಗಿರಲಿಲ್ಲ. ಇದನ್ನು ಅವನಿಗೆ ಹೇಳಿದಾಗ, “ಸಂಧಿ ಈಗಲೂ ಬರುವುದಿಲ್ಲ” ಎಂದು ನಕ್ಕನು. ನನಗೆ ನಗು ಬರಲಿಲ್ಲ.

ವಿದ್ಯಾರ್ಥಿಗಳೇ, ತಿಳಿಯದುದನ್ನು ಸದ್ದಿನಿಂದ ಮುಚ್ಚಬೇಡಿರಿ. ಇಲ್ಲಿ ತಿಳಿಯಲಿಲ್ಲವೆಂದು ಬೆರಳಿಟ್ಟು ತೋರಿಸಿರಿ. ನಾನೂ ಈಗ ಪಾಠ ಮುಗಿಸಿ ಹೊರಡುವ ಮುನ್ನ ಹಿಂದಿನ ಬೆಂಚಿನ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತೇನೆ. ಆ ಎಂಜಿನು ಈಗ ದಡದ ಬಳಿ ಮೆಲ್ಲಗೆ ಉಸಿರಾಡುತ್ತ ನಿಲ್ಲುತ್ತದೆ. ಮಳೆಗಾಲಕ್ಕೆ ಮೊದಲು ಅದರ ಪೆಟ್ರೋಲನ್ನು ಬರಿದುಮಾಡಿಡಲು ಬಂಧುಗಳು ಮರೆಯುವುದಿಲ್ಲ. ಶರಣು.