ರಾಗಿಯ ಊರು ಯಾವುದು?

ಬೆಂಕಿ ಹತ್ತಿಕೊಂಡಿತಲ್ಲ, ಹತ್ತಿರ ಬನ್ನಿ. ಮೈಸೂರಿನಲ್ಲಿ ಪಾಠ ಮಾಡುತ್ತಿದ್ದ ಕಾಲದ ಒಂದು ಸಂಗತಿ ಹೇಳುತ್ತೇನೆ.

ನಮ್ಮ ವಿಶ್ವವಿದ್ಯಾಲಯದಲ್ಲಿ ಉಗಾಂಡ, ಇಥಿಯೋಪಿಯ, ಟಾಂಜಾನಿಯ, ಸುಡಾನ್ ಕಡೆಯ ಹುಡುಗರು ಓದುತ್ತಿದ್ದರು. ಊರವರ ಬಾಯಲ್ಲಿ ಎಲ್ಲರೂ ಒಟ್ಟಾರೆ ‘ಆಫ್ರಿಕಾದವರು’. ಖಂಡದಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳಿದ್ದರೆ ನಮಗೇನು! ಮೇ 25 ಆಫ್ರಿಕಾ ದಿನ. 1963ರಲ್ಲಿ ಅದೇ ತಾರೀಕು ಆಡಿಸ್ ಅಬಾಬಾದಲ್ಲಿ 32 ದೇಶಗಳು ಸೇರಿ ಆಫ್ರಿಕನ್ ಐಕ್ಯ ಸಂಘಟನೆ ಕಟ್ಟಿದ್ದವು. ಆ ದಿನ ಹಬ್ಬ ಮಾಡಲೇಬೇಕೆಂದು ಹುಡುಗರು ಪಟ್ಟು ಹಿಡಿದರು.

ಬೆಳಿಗ್ಗೆಯೇ ಉಗಾಂಡದ ಹುಡುಗನೊಬ್ಬ ಹಾಸ್ಟೆಲ್ ಅಡುಗೆಮನೆಗೆ ಬಂದು ರಾಗಿಹಿಟ್ಟು ಕೇಳಿದ. ಅಡುಗೆಯಮ್ಮ ಮಂಡ್ಯದ ಕಡೆಯವರು.

‘ನಿಂಗ್ಯಾಕಪ್ಪ ರಾಗಿಹಿಟ್ಟು?’

‘ನಮ್ಮ ಮನೆ ಊಟ, ಅಮ್ಮಾ.’

ಆಕೆ ನಂಬಲಿಲ್ಲ. ಆದರೂ ಎಸರಿಟ್ಟುಕೊಟ್ಟರು. ನೀರು ಮರಳಿತು, ಹಿಟ್ಟು ಬಿತ್ತು, ಹುಡುಗ ಕೋಲು ಹಿಡಿದು ಪಾತ್ರೆಯನ್ನು ಕಾಲಲ್ಲಿ ಒತ್ತಿಕೊಂಡು ತಿರುವಿದ ನೋಡಿ, ಆಕೆಯ ಕಣ್ಣು ಅಗಲವಾಯಿತು. ‘ನಮ್ಮ ಐಕ್ಳಿಗೇ ಬರಕಿಲ್ಲ, ಇವ್ನು ಗಂಟಿಲ್ದಂಗೆ ತಿರುವ್ತಾನಲ್ಲ!’

ಅವರ ಕಡೆ ಅದು ಕಲೊ. ಮರಗೆಣಸಿನ ಹಿಟ್ಟು ಬೆರೆಸುವುದೂ ಉಂಟು. ಕಡಲೆಕಾಯಿ ಗೊಜ್ಜಿನಲ್ಲಿ ಅದ್ದಿ ತಿನ್ನುತ್ತಾರೆ. ಉಂಡೆ ಕಟ್ಟುವುದಿಲ್ಲ, ಹೆಣೆದ ಪುಟ್ಟ ಬುಟ್ಟಿಯಲ್ಲಿ ಮುಚ್ಚಿಡುತ್ತಾರೆ. ಅಲ್ಲಿಗೆ ಬಂದಾಗ ಮಾತ್ರ ಜಗಳವಾಯಿತು. ಉಂಡೆ ಕಟ್ಟದ್ದು ಹಿಟ್ಟು ಹೆಂಗಾಯ್ತದೆ ಎಂದು ಆಕೆ ಕೈ ಒದ್ದೆ ಮಾಡಿಕೊಂಡು ಅರ್ಧವನ್ನು ಮುದ್ದೆ ಕಟ್ಟಿಯೇಬಿಟ್ಟರು.

ನಾನು ಮೇಷ್ಟ್ರಲ್ಲವೇ, ಬಾಯಿ ಸುಮ್ಮನಿರಲಿಲ್ಲ. ರಾಗಿ ಮೊದಲು ಬೆಳೆದದ್ದು ಇಥಿಯೋಪಿಯ, ಉಗಾಂಡ ಕಡೆಯ ಎತ್ತರದ ಸೀಮೆಯಲ್ಲಿ, ನಮ್ಮಲ್ಲಿಗೆ ಬಂದದ್ದು ಸಾವಿರಾರು ವರ್ಷಗಳ ಹಿಂದೆ ಎಂದೆ. ‘ಸುಮ್ಕಿರಿ ಸಾ, ರಾಗಿ ನಮ್ದು’ ಎಂದರು ಆಕೆ. ಹುಡುಗ ಜೋರಾಗಿ ನಕ್ಕ.

ಸಂಜೆ ಭಾಷಣಗಳಾದವು, ಅವು ಎಲ್ಲ ಕಡೆ ಇರುವಂಥವೇ. ಇಥಿಯೋಪಿಯದ ಹುಡುಗಿಯೊಬ್ಬಳು ಹಸಿ ಕಾಫಿಬೀಜವನ್ನು ಎದುರಿಗೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಬಗ್ಗಿಸಿಕೊಟ್ಟಳು. ಹಾಲಿಲ್ಲದ ಕಾಫಿಗೆ ನಮ್ಮವರು ಮೊದಲ ಸುತ್ತಿನಲ್ಲಿ ಮುಖ ಹಿಂಡಿದರು, ಮೂರನೆಯದಕ್ಕೆ ಸಾಲು ನಿಂತರು.

ಕೊನೆಗೆ ಸಿದ್ದಿ ಹೆಂಗಸರ ಡಮಾಮಿ ಕುಣಿತ. ಯಲ್ಲಾಪುರದಿಂದ ಬಂದಿದ್ದರು. ಡೋಲಿನ ಪೆಟ್ಟಿಗೆ ಸಭೆಯ ಅರ್ಧ ಜನ ಎದ್ದು ನಿಂತರು. ಆಮೇಲೆ ನಿರೂಪಕ ಮೈಕು ಹಿಡಿದು ಹಿರಿಯ ಹೆಂಗಸೊಬ್ಬರನ್ನು ಇಂಗ್ಲಿಷಿನಲ್ಲಿ, ನೀವು ಯಾವ ದೇಶದವರು ಎಂದು ಕೇಳಿದ. ಆಕೆ ಪಕ್ಕದವಳ ಮುಖ ನೋಡಿದರು. ಯಾರೋ ಕನ್ನಡದಲ್ಲಿ ಹೇಳಿದ ಮೇಲೆ, ‘ನಮ್ದು ಯಲ್ಲಾಪುರ ತಾಲೂಕ್ ರೀ. ನಿಮ್ದ್ಯಾವ ಊರು?’ ಎಂದರು.

ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ್ದರು. ತಲೆಮಾರುಗಳಿಂದ ಕನ್ನಡ, ಕೊಂಕಣಿ ಆಡುತ್ತ ಬದುಕಿರುವ ಅವರ ವಂಶದ ಸಿದ್ದಿಯರಿಗೆ ಈ ಪ್ರಶ್ನೆ. ರಾಗಿಯನ್ನು ಮಾತ್ರ ಯಾರೂ ಕೇಳಿಲ್ಲ.

ಊಟಕ್ಕೆ ಆ ಹೆಂಗಸರೂ ಉಗಾಂಡದ ಹುಡುಗರೂ ಒಂದೇ ಪಂಕ್ತಿಯಲ್ಲಿ ಕೂತರು. ಮಾತು ನಡೆದದ್ದು ಹುಡುಗನ ಹರಕು ಕನ್ನಡದಲ್ಲಿ. ಮರುವರ್ಷದ ಕರೆಯೋಲೆಯಲ್ಲಿ ‘ಆಫ್ರಿಕನ್ ನೃತ್ಯ’ ಎಂಬ ಸಾಲು ಹೋಗಿ, ‘ಡಮಾಮಿ: ಯಲ್ಲಾಪುರದ ತಂಡ’ ಎಂದು ಅಚ್ಚಾಯಿತು.