ಅಣ್ಣ ಕೊಳ್ಳದೆ ಬಿಟ್ಟ ಮನೆ

2017ರ ಜೂನ್ 5. ಬೆಳಗ್ಗೆ ಎದ್ದವರಿಗೆಲ್ಲ ಫೋನಿನಲ್ಲಿ ಒಂದೇ ಸುದ್ದಿ. ಸೌದಿ, ಯುಎಇ, ಬಹರೈನ್, ಈಜಿಪ್ಟ್ ನಾಲ್ಕೂ ಸೇರಿ ಕತಾರ್ ಜೊತೆಗಿನ ಸಂಬಂಧ ಕಡಿದುಕೊಂಡಿವೆ, ಸೌದಿ ಜೊತೆಗಿನ ಅಬೂ ಸಮ್ರಾ ಗಡಿ ಬಂದ್. ದೋಹಾದ ಸೂಪರ್ ಮಾರ್ಕೆಟ್‌ಗಳಲ್ಲಿ ಹಾಲಿನ ಕಪಾಟು ನೋಡನೋಡುತ್ತಲೇ ಬರಿದಾಯಿತು. ಆಮೇಲೆ ಟರ್ಕಿಯಿಂದ ವಿಮಾನದಲ್ಲಿ ಹಾಲು ಬಂತು, ಅಂಗಡಿ ತುಂಬಿತು, ಎಲ್ಲ ಸರಿಯಾಯಿತು ಅನ್ನಿ. ಆದರೆ ಇಲ್ಲಿ ದುಡಿಯುವ ನಮ್ಮ ಊರವರ ಎದೆಯೊಳಗೆ ಹೊಕ್ಕ ಭಯ ಅಷ್ಟು ಸುಲಭಕ್ಕೆ ಇಳಿಯಲಿಲ್ಲ. ನಾಳೆ ಕೆಲಸ ಹೋದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರಲ್ಲಿ ಎಲ್ಲಿಗೆ ಹೋಗಿ ಇಳಿಯುವುದು?

ನಾನು ಹೇಳಹೊರಟಿರುವ ಅಣ್ಣನಿಗೂ ಅದೇ ಚಿಂತೆ. ಬಂಟ್ವಾಳ ಕಡೆಯವರು, ಕತಾರಿನ ರಾಸ್ ಲಫಾನ್‌ನಲ್ಲಿ ಕೆಲಸ. ಸ್ವಂತ ಅಣ್ಣನಲ್ಲ, ಆದರೂ ದೋಹಾಕ್ಕೆ ಬಂದ ದಿನದಿಂದ ನನಗೆ ಅವರು ಅಣ್ಣನೇ. ಊರಲ್ಲಿ ತರವಾಡು ಮನೆ ಪಾಲಾಗಿ ಹೋಗಿತ್ತು. ಅತ್ತಿಗೆ ಮಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದರು. ಆ ಚಳಿಗಾಲದಲ್ಲಿ ಮಂಗಳೂರಿನ ಹೊರವಲಯದ ಒಂದು ಮನೆಯ ವಿಡಿಯೊ ಅಣ್ಣನ ವಾಟ್ಸಾಪ್‌ಗೆ ಬಂತು. ಹೆಂಚಿನ ಮನೆ, ಅಂಗಳ, ತುಂಬಿದ ಬಾವಿ, ಆಚೆ ನಾಲ್ಕೈದು ತೆಂಗು. "ಒಟ್ಟು 15 ಸೆಂಟ್ಸ್ ಸಾರ್, ರೋಡ್ ಸೈಡ್. ಎರಡು ಪಾರ್ಟಿ ನೋಡಿ ಹೋಗಿದ್ದಾರೆ. ನೀವು 5 ಲಕ್ಷ ಅಡ್ವಾನ್ಸ್ ಹಾಕಿದರೆ ಹಿಡಿದಿಡುತ್ತೇನೆ" ಎಂದರು ಬ್ರೋಕರ್. ಆ ಬಾವಿ ನೋಡಿಯೇ ಅಣ್ಣ ಸೋತರು. ಎಕ್ಸ್‌ಚೇಂಜಿಗೆ ಹೋಗಿ ದುಡ್ಡು ಕಳಿಸುವುದೊಂದೇ ಬಾಕಿ.

ತಡೆದದ್ದು ಅತ್ತಿಗೆಯ ಸೋದರಮಾವ. "ಆ ಬ್ರೋಕರನ್ನು ಕರೆಸಿದ್ದು ಯಾರು? ಮಾರುವವರು. ನಿನ್ನ ಕಡೆಯಿಂದ ಯಾರಿದ್ದಾರೆ?" ಎಂದು ಕೇಳಿ, ತಮಗೆ ಗೊತ್ತಿದ್ದ ಒಬ್ಬ ಏಜೆಂಟರ ನಂಬರ್ ಕೊಟ್ಟರು. ಆ ಏಜೆಂಟ್ ಒಬ್ಬರು ಹೆಂಗಸು. ಮೊದಲ ಫೋನಿನಲ್ಲೇ ಅವರು ತಮ್ಮ ಲೆಕ್ಕ ಹೇಳಿಬಿಟ್ಟರು. ಮಾರುವವರಿಂದ ಒಂದು ರೂಪಾಯಿ ಮುಟ್ಟುವುದಿಲ್ಲ. ಅಣ್ಣನಿಂದ ಇಂತಿಷ್ಟು ಫೀಸು, ಮನೆ ಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. "ಕಾಗದ ನೋಡುವವರೆಗೆ ದುಡ್ಡು ಕಳಿಸಬೇಡಿ, ಅಣ್ಣ."

ಅಣ್ಣನಿಗೆ ಇದು ದಂಡದ ಖರ್ಚು ಅನ್ನಿಸಿತು. ನನಗೂ ಹಾಗೇ ಅನ್ನಿಸಿತ್ತು. ನಮ್ಮ ಊರುಗಳಲ್ಲಿ ಒಬ್ಬನೇ ಬ್ರೋಕರ್ ಎರಡೂ ಕಡೆಯ ಕಮಿಷನ್ ತೆಗೆದುಕೊಳ್ಳುವುದು ರೂಢಿ; ವ್ಯಾಪಾರ ಕುದುರಿದರೆ ಮಾತ್ರ ಅವನಿಗೆ ಕಾಸು. ಕೊಳ್ಳಬೇಡಿ ಎಂದು ಹೇಳಿ ಅವನು ಹೊಟ್ಟೆ ಹೊರೆಯುವುದು ಹೇಗೆ?

ಆ ಏಜೆಂಟ್ ಆರ್‌ಟಿಸಿ ತೆಗೆಸಿದರು, ಇಸಿ ತೆಗೆಸಿದರು, ಕನ್ವರ್ಷನ್ ಆದೇಶ ತರಿಸಿದರು, ಪಂಚಾಯತಿಯ ನಮೂನೆ 9 ಮತ್ತು 11 ಕೇಳಿದರು. ಇಷ್ಟು ಯಾರಾದರೂ ಮಾಡಿಯಾರು. ಆದರೆ ಅವರು ಸರ್ವೆಯವರನ್ನು ಕರೆದುಕೊಂಡು ಹೋಗಿ ಜಾಗಕ್ಕೆ ಟೇಪು ಹಿಡಿಸಿದರು. ರಾತ್ರಿ ಫೋನ್ ಬಂತು. ವರ್ಗ ಜಾಗ, ಕನ್ವರ್ಷನ್ ಆದದ್ದು, 9 ಸೆಂಟ್ಸ್ ಮಾತ್ರ. ಉಳಿದ 6 ಸೆಂಟ್ಸ್ ಕುಮ್ಕಿ. ತೆಂಗು ಇರುವುದು ಕುಮ್ಕಿಯಲ್ಲಿ. ಬಾವಿಯೂ ಕುಮ್ಕಿಯಲ್ಲಿ.

ಘಟ್ಟದ ಮೇಲಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಗ ಜಾಗಕ್ಕೆ, ಅಂದರೆ ಸ್ವಂತ ಪಟ್ಟಾ ಜಾಗಕ್ಕೆ, ತಾಗಿಕೊಂಡ ಸರ್ಕಾರಿ ಭೂಮಿಯಿಂದ ಸೊಪ್ಪು, ಸೌದೆ ತರುವ ಸವಲತ್ತು ವರ್ಗದಾರನಿಗೆ ಇರುತ್ತದೆ. ಅದೇ ಕುಮ್ಕಿ. ಅನುಭವಿಸಬಹುದು, ಮಾರುವಂತಿಲ್ಲ. ಅಷ್ಟೇ ಅಲ್ಲ, ಫೆಮಾ ನಿಯಮದ ಪ್ರಕಾರ ನಾವು ಅನಿವಾಸಿಗಳು ಮನೆ ಕೊಳ್ಳಬಹುದೇ ಹೊರತು ಕೃಷಿ ಭೂಮಿ, ತೋಟ ಕೊಳ್ಳುವಂತಿಲ್ಲ. ಕನ್ವರ್ಷನ್ ಆದ ಗಡಿ ಎಲ್ಲಿಗೆ ನಿಲ್ಲುತ್ತದೆ ಎಂಬುದು ನಮಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ.

ಬ್ರೋಕರನ್ನು ಕೇಳಿದರೆ, "ಅರುವತ್ತು ವರ್ಷದಿಂದ ಅವರೇ ಅನುಭವಿಸಿಕೊಂಡು ಬಂದದ್ದು ಸಾರ್, ಯಾರೂ ಕೇಳಿದ್ದಿಲ್ಲ" ಎಂದರು. ಅದು ಸುಳ್ಳಲ್ಲ. ಆತ ಕೆಟ್ಟವರೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಮಾರುವವರಿಗೆ ಒಳ್ಳೆಯ ರೇಟು ಕೊಡಿಸುವುದು ಅವರ ಕೆಲಸ, ಅದನ್ನು ಅವರು ಮಾಡಿದರು. 9 ಸೆಂಟ್ಸಿಗೆ ಎಷ್ಟೋ ಅಷ್ಟು ಕೊಡುತ್ತೇವೆ ಎಂದು ನಮ್ಮ ಏಜೆಂಟ್ ಕೇಳಿ ನೋಡಿದರು. ಮಾರುವವರು ಒಪ್ಪಲಿಲ್ಲ. ಬಾವಿಯಿಲ್ಲದ ಮನೆ ಅಣ್ಣನಿಗೂ ಬೇಡವಾಯಿತು.

ಫೀಸು ಕೊಟ್ಟು ಮನೆ ಬಿಟ್ಟದ್ದಕ್ಕೆ ದೋಹಾದಲ್ಲಿ ಕೆಲವರು ನಕ್ಕರು. ಅಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದೆ ಅದೇ ಏಜೆಂಟರ ಮೂಲಕ ಮಂಗಳೂರಿನಲ್ಲೇ ಒಂದು ಫ್ಲ್ಯಾಟ್ ಕೊಂಡರು. ಆಗಲೂ ಆ ಏಜೆಂಟರದ್ದು ಅದೇ ಹಟ. ಮೊದಲು ರೇರಾ ನೋಂದಣಿ ನೋಡಿ. ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕೊಡಬೇಡಿ. ಬ್ರೋಷರ್‌ನ ಚದರಡಿ ಬಿಟ್ಟು ಕಾರ್ಪೆಟ್ ಏರಿಯಾ ಹಿಡಿಯಿರಿ. ಮಾವನಿಗೆ ಕೊಡುವ ಪವರ್ ಆಫ್ ಅಟಾರ್ನಿ ಆ ಒಂದು ಫ್ಲ್ಯಾಟಿಗೆ ಮಾತ್ರ ಇರಲಿ. ದೋಹಾದ ನಮ್ಮ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿ, ಊರಿಗೆ ಮುಟ್ಟಿದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಿ.

2020ರಲ್ಲಿ ಕತಾರ್ ಸರ್ಕಾರವೇ ವಿದೇಶೀಯರಿಗೆ ಒಂಬತ್ತು ಪ್ರದೇಶಗಳಲ್ಲಿ ಪೂರ್ಣ ಒಡೆತನ, ಹದಿನಾರು ಕಡೆ 99 ವರ್ಷದ ಅನುಭೋಗದ ಹಕ್ಕು ತೆರೆಯಿತು. 7,30,000 ರಿಯಾಲ್‌ನ ಆಸ್ತಿಗೆ ವಾಸದ ಪರವಾನಗಿಯೂ ಸಿಗುತ್ತದೆಂದಾಗ ನಮ್ಮವರೂ ಪರ್ಲ್, ಲುಸೈಲ್ ಎಂದು ಫ್ಲ್ಯಾಟ್ ನೋಡತೊಡಗಿದರು. ಇಲ್ಲಿ ಬ್ರೋಕರಿಗೆ ಲೈಸೆನ್ಸ್ ಬೇಕು, ಅದಕ್ಕೆ 2017ರದ್ದೇ ಕಾನೂನಿದೆ. ಆದರೆ ಲೈಸೆನ್ಸ್ ನೋಡಿದರೆ ಆತ ಯಾರ ಪರ ಎಂಬುದು ತಿಳಿಯುವುದಿಲ್ಲ. ಸಲಹೆ ಕೇಳಲು ಬಂದ ಹುಡುಗರಿಗೆ ಅಣ್ಣ ಹೇಳುತ್ತಿದ್ದದ್ದು ಇಷ್ಟೇ: "ಟವರ್ ಆಮೇಲೆ ನೋಡು ಮಾರಾಯ. ತೋರಿಸುವವನಿಗೆ ಕಮಿಷನ್ ಯಾರು ಕೊಡುತ್ತಾರೆ ಎಂದು ಮೊದಲು ಕೇಳು. ವರ್ಷಕ್ಕೆ ಸರ್ವೀಸ್ ಚಾರ್ಜ್ ಎಷ್ಟು ಎಂದು ಆಮೇಲೆ ಕೇಳು."

ದೂರದಲ್ಲಿ ಕುಳಿತು ಊರಲ್ಲಿ ಮನೆ ಕೊಳ್ಳುವ ತಮ್ಮಂದಿರಲ್ಲಿ ನನ್ನದೂ ಅದೇ ಕೇಳಿಕೆ. ಅಡ್ವಾನ್ಸ್ ಕಳಿಸುವ ಮೊದಲು ನಿಮ್ಮಿಂದ ಮಾತ್ರ ಫೀಸು ಪಡೆಯುವ, ನೀವು ಕೊಳ್ಳದೆ ಹೋದರೂ ಕೆಲಸದ ಸಂಬಳ ಕೈಸೇರುವ ಒಬ್ಬರನ್ನು ಹುಡುಕಿಕೊಳ್ಳಿ. ಜಾಗಕ್ಕೆ ಅವರೇ ನಿಂತು ಟೇಪು ಹಿಡಿಸಲಿ.