ಕಳ್ಳಗಾಳಿ

ಕೈ ಬಿಟ್ಟರೂ ಎಕ್ಸಿಲೇಟರ್ ಕೊಟ್ಟ ಹಾಗೆ ಕೂಗುವ ಬೈಕಿಗೆ ನಮ್ಮ ಕಡೆ ಮದ್ದು ಒಂದೇ: ಐಡಲ್ ಸ್ಕ್ರೂ ತಿರುಗಿಸೋದು. ನನ್ನ ಹಳೇ ಕಾರ್ಬುರೇಟರ್ ಗಾಡಿಗೂ ಯಲ್ಲಾಪುರದಲ್ಲೊಬ್ಬರು, ಸಿದ್ದಾಪುರದಲ್ಲೊಬ್ಬರು ಅದನ್ನೇ ಮಾಡಿದರು. ಎರಡು ದಿನ ಸುಮ್ಮನಿತ್ತು, ಮತ್ತೆ ಶುರು. ಊರೊಳಗಾದರೆ ಪೆಟ್ರೋಲ್ ದಂಡ, ಅಷ್ಟೆ. ನಾನೋ ವಾರಕ್ಕೆರಡು ಸಲ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವವನು. ಇಳಿಜಾರಿನಲ್ಲಿ ಗಾಡಿಯನ್ನ ತಡೀಬೇಕಾದ ಇಂಜಿನ್ನೇ ಮುಂದಕ್ಕೆ ದೂಡಿದ ಹಾಗಾದರೆ, ಅದೂ ಮಳೆಗಾಲದಲ್ಲಿ, ಬ್ರೇಕು ಎಷ್ಟಂತ ತಾಳೀತು?

ಶಿರಸಿಯ ಮೆಕ್ಯಾನಿಕ್ ಹುಡುಗ ಮಾತ್ರ ಸ್ಕ್ರೂ ಮುಟ್ಟಲೇ ಇಲ್ಲ. ಹ್ಯಾಂಡಲ್ಲನ್ನ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿದ. ಸದ್ದು ಏರಲಿಲ್ಲ, ಅಂದರೆ ಕೇಬಲ್ ಸರಿ ಇದೆ. ಚೋಕ್ ನೋಡಿದ, ಅದೂ ಸರಿ. ಆಮೇಲೆ ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರಿನ ಮೇಲೆ ನೀರು ಚಿಮುಕಿಸಿದ. ಕೂಗು ಒಮ್ಮೆಲೇ ಇಳೀತು! ನೀರು ಬಿರುಕನ್ನ ಮುಚ್ಚಿತ್ತು. ಒಣಗಿದ್ದೇ ತಡ, ಮತ್ತೆ ಏರ್ತು.

"ಹೆಗಡೇರೆ, ಕಳ್ಳಗಾಳಿ ಒಳಗೆ ಹೋಗ್ತಾ ಇದೆ. ಸ್ಕ್ರೂ ಏನು ಮಾಡ್ತದೆ ಪಾಪ?"

ರಬ್ಬರ್ ಬದಲಾಯಿಸಿದ ಮೇಲೇ ಅವನು ಸ್ಕ್ರೂಗೆ ಕೈ ಹಾಕಿದ್ದು. ಹಿಂದಿನವರು ತಿರುಗಿಸಿಟ್ಟಿದ್ದನ್ನ ಸರಿ ಮಾಡಬೇಕಲ್ಲ! ಇಂಥ ಸಣ್ಣ ಗಾಡಿ ನಿಂತಲ್ಲಿ ನಿಮಿಷಕ್ಕೆ 1400 ಸುತ್ತಿನ ಆಸುಪಾಸಿನಲ್ಲಿರಬೇಕು. ಅದನ್ನ ತೋರಿಸೋ ಮೀಟರು ನನ್ನ ಗಾಡೀಲಿಲ್ಲ. ಅವನಿಗೆ ಕಿವಿಯೇ ಸಾಕಾಯ್ತು.